ಮಾವನವರ ಬೆಳ್ಳಿ ನೀರು

ಒಂದು ಗಾಜಿನ ಲೋಟ, ಒಂಬತ್ತು ವೋಲ್ಟಿನ ಮೂರು ಚೌಕ ಬ್ಯಾಟರಿ, ಎರಡು ಬೆಳ್ಳಿ ತಂತಿ. ಕಳೆದ ದೀಪಾವಳಿಯಿಂದ ಸಂಕ್ರಾಂತಿವರೆಗೆ ನಮ್ಮ ಟಿ.ವಿ. ಸ್ಟ್ಯಾಂಡಿನ ಪಕ್ಕ ನಡೆದ ಔಷಧಿ ಕಾರ್ಖಾನೆ ಇಷ್ಟೇ. ಮಾಲೀಕರು ನಮ್ಮ ಮಾವ.

ಮಾವ ನಿವೃತ್ತ ಲೈನ್‌ಮನ್. ಸುಮ್ಮನೆ ಕೂರುವ ಪೈಕಿಯಲ್ಲ. ಯಾರೋ ಫೋನಿಗೆ ಕಳಿಸಿದ ವಿಡಿಯೊ ನೋಡಿ, "ಕೊಲಾಯ್ಡಲ್ ಸಿಲ್ವರ್ ಅಂತೆ ಕಣಮ್ಮ, ಬೆಳ್ಳಿ ನೀರು. ನೆಗಡಿಯಿಂದ ಹಿಡ್ದು ಸಕ್ಕರೆ ಕಾಯಿಲೆವರೆಗೂ ಇದೊಂದೇ ಸಾಕಂತೆ" ಅಂದರು. ಮೊದಲ ಪ್ರಯೋಗ ಅತ್ತೆಯ ಹಳೇ ಕಾಲ್ಚೈನು ಮತ್ತು ಬೋರ್‌ವೆಲ್ ನೀರಿನಲ್ಲಿ. ಸ್ವಲ್ಪ ಹೊತ್ತಿಗೇ ನೀರು ಗಂಜಿಯ ಹಾಗೆ ಬೆಳ್ಳಗಾಯಿತು. ಮಾವನಿಗೆ ಪರಮಾನಂದ. ಅದು ಮದ್ದಲ್ಲ, ನೀರಿನಲ್ಲಿದ್ದ ಉಪ್ಪಿನಂಶ ಬೆಳ್ಳಿಯ ಜತೆ ಸೇರಿ ಆದ ಸಿಲ್ವರ್ ಕ್ಲೋರೈಡ್ ಎಂದು ಪಿಯುಸಿ ಓದುವ ನನ್ನ ಮಗ ಹೇಳಿದ ಮೇಲೆ ಚೆಲ್ಲಿದರು. ಅಕ್ಕಸಾಲಿಗರು, "ಕಾಲ್ಚೈನಲ್ಲಿ ತಾಮ್ರ ಬೆರೆಸಿರ್ತೀವಿ ಯಜಮಾನ್ರೇ" ಅಂದಾಗ ಅದನ್ನು ಅವರಿಗೇ ಕೊಟ್ಟು, ಮೇಲೆ ದುಡ್ಡು ಹಾಕಿ, ಅಪ್ಪಟ ಬೆಳ್ಳಿಯ ಎರಡು ತಂತಿ ಎಳೆಸಿಕೊಂಡು ಬಂದರು. ನೀರಿಗೆ ಇನ್ವರ್ಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನು! ಅದು ಕುಡಿಯಲಿಕ್ಕೆಂದು ಮಾರುವ ನೀರೇ ಅಲ್ಲ.

ನೋಡೋದಕ್ಕೆ ಚೆನ್ನಾಗಿತ್ತು ಅನ್ನೋದನ್ನ ಮುಚ್ಚಿಡೋದಿಲ್ಲ. ಮೂರೂ ಬ್ಯಾಟರಿ ಒಂದರ ಹಿಂದೆ ಒಂದು ಜೋಡಿಸಿದರೆ ಇಪ್ಪತ್ತೇಳು ವೋಲ್ಟ್. ಮೊದಲು ಏನೂ ಕಾಣದು. ಆಮೇಲೆ ಒಂದು ತಂತಿಯಲ್ಲಿ ಸಣ್ಣ ಗುಳ್ಳೆ, ಇನ್ನೊಂದರಿಂದ ಊದುಬತ್ತಿ ಹೊಗೆಯಂತೆ ಇಳಿಯುವ ಎಳೆ. ನೀರು ನಿಧಾನಕ್ಕೆ ತಿಳಿ ಹಳದಿಗೆ ತಿರುಗುತ್ತೆ. ಜಾತ್ರೆಯಲ್ಲಿ ಕೊಂಡ ಲೇಸರ್ ಲೈಟು ಬಿಟ್ಟರೆ ಲೋಟದೊಳಗೆ ಕೆಂಪು ಗೆರೆ. ಕಣ್ಣಿಗೆ ಕಾಣದ ಕಣಗಳಿಗೆ ಬೆಳಕು ತಾಗಿ ಚದುರುವುದರಿಂದ ಹಾಗೆ. ನಾನೂ ದೀಪ ಆರಿಸಿ ನಾಲ್ಕು ಸಲ ನೋಡಿದ್ದೇನೆ.

"ಕುಡಿಯೋದು ಬೇಡ ಮಾವ" ಅಂದೆ. "ನಿನ್ನ ಮಗನಿಗೆ ಬೆಳ್ಳಿ ಒಳಲೆಯಲ್ಲೇ ಹಾಲು ಕುಡಿಸಿಲ್ವಾ?" ಅಂದರು. ಆಗ ಉತ್ತರ ಹೊಳೆಯಲಿಲ್ಲ. ಒಳಲೆಗೆ ಯಾರೂ ಬ್ಯಾಟರಿ ಹಚ್ಚೋದಿಲ್ಲ ಅನ್ನೋ ಮಾತು ರಾತ್ರಿ ಪಾತ್ರೆ ತೊಳೆಯುವಾಗ ನೆನಪಾಯಿತು.

ಅವರೊಬ್ಬರೇ ಕುಡಿದಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಅತ್ತೆಗೂ ದಿನಾ ಬೆಳಿಗ್ಗೆ ಎರಡು ಚಮಚ ಕೊಡುತ್ತಿದ್ದರು, ಅದೂ ಖಾಲಿ ಹೊಟ್ಟೆಯಲ್ಲಿ, ಥೈರಾಯ್ಡ್ ಮಾತ್ರೆಯ ಜತೆಗೇ. ಸಂಕ್ರಾಂತಿ ಹೊತ್ತಿಗೆ ಅತ್ತೆಗೆ ವಿಪರೀತ ಸುಸ್ತು, ಮುಖ ಊದಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ವರ್ಷಗಟ್ಟಲೆ ಮೂರರ ಆಸುಪಾಸಿನಲ್ಲಿದ್ದ ಟಿಎಸ್‌ಎಚ್ ಹದಿನಾಲ್ಕು!

ಡಾಕ್ಟರು ಮಾತ್ರೆ ಜಾಸ್ತಿ ಮಾಡುವ ಮೊದಲು, "ಬೆಳಿಗ್ಗೆ ಇದರ ಜತೆ ಬೇರೆ ಏನಾದರೂ ತಗೋತೀರಾ ಅಮ್ಮಾ?" ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ನಾನೇ ಹೇಳಿದೆ. ಬೆಳ್ಳಿ ನೀರು ಥೈರಾಯ್ಡ್ ಮಾತ್ರೆ, ಕೆಲವು ಆ್ಯಂಟಿಬಯಾಟಿಕ್‌ಗಳು ಮೈಗೆ ಹತ್ತದಂತೆ ಮಾಡಬಹುದಂತೆ. "ಇದೇ ಕಾರಣ ಅಂತ ಈಗಲೇ ಹೇಳಲಾರೆ. ಅದನ್ನು ನಿಲ್ಲಿಸಿ, ಮಾತ್ರೆ ಇಷ್ಟೇ ಇರಲಿ, ಎಂಟು ವಾರ ಬಿಟ್ಟು ನೋಡೋಣ" ಅಂದರು.

ಮನೆಗೆ ಬಂದು ಓದುತ್ತಾ ಕೂತೆ. ಬೆಳ್ಳಿ ರೋಗಾಣು ಕೊಲ್ಲುತ್ತೆ ಅನ್ನೋದು ಸುಳ್ಳಲ್ಲ. ಸುಟ್ಟ ಗಾಯಕ್ಕೆ ಡಾಕ್ಟರು ಬರೆದುಕೊಡುವ ಬಿಳಿ ಮುಲಾಮಿನಲ್ಲಿ ಇರುವುದು ಸಿಲ್ವರ್ ಸಲ್ಫಾಡಯಜೀನ್. ಆದರೆ ಅದು ಚರ್ಮದ ಮೇಲೆ. ನಮ್ಮ ದೇಹಕ್ಕೆ ಬೆಳ್ಳಿಯಿಂದ ಆಗಬೇಕಾದ ಕೆಲಸ ಏನೂ ಇಲ್ಲ. ಕಬ್ಬಿಣದ ಹಾಗೆ ಬೆಳ್ಳಿಯ ಕೊರತೆ ಅಂತಲೂ ಇಲ್ಲ. ಒಳಗೆ ಹೋದದ್ದರಲ್ಲಿ ಸ್ವಲ್ಪ ಭಾಗ ಚರ್ಮದಲ್ಲಿ ಸೇರಿಕೊಂಡು, ಬಿಸಿಲು ಬಿದ್ದ ಕಡೆ ಹಳೇ ಫೋಟೊ ಫಿಲ್ಮಿನಂತೆ ಕಪ್ಪಾಗುತ್ತದೆ. ಮೈ ಬೂದಿ ಮಿಶ್ರಿತ ನೀಲಿ. ಆರ್ಜಿರಿಯಾ ಎಂದು ಇದರ ಹೆಸರು. ಕುಡಿಯುವುದು ಬಿಟ್ಟರೂ ಬಣ್ಣ ಹೋಗುವುದಿಲ್ಲ. ಅಮೆರಿಕದ ಮೊಂಟಾನಾದಲ್ಲಿ 2002ರಲ್ಲಿ ಸೆನೆಟ್ ಚುನಾವಣೆಗೆ ನಿಂತಿದ್ದ ಸ್ಟ್ಯಾನ್ ಜೋನ್ಸ್ ಎಂಬಾತ ಹೀಗೇ ನೀಲಿಯಾದವನು. 2000ನೇ ಇಸವಿ ಬಂದಾಗ ಕಂಪ್ಯೂಟರುಗಳೆಲ್ಲ ಕೆಟ್ಟು ಔಷಧಿಯೇ ಸಿಗದು ಎಂಬ ಭಯಕ್ಕೆ ಮನೆಯಲ್ಲೇ ಬೆಳ್ಳಿ ನೀರು ಮಾಡಿ ಕುಡಿದಿದ್ದ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಇದನ್ನು ಯಾವ ಕಾಯಿಲೆಗೂ ಸುರಕ್ಷಿತ, ಪರಿಣಾಮಕಾರಿ ಮದ್ದೆಂದು ಒಪ್ಪಲಾಗದು ಎಂದು 1999ರಲ್ಲೇ ಹೇಳಿದೆ.

ಇಷ್ಟೆಲ್ಲ ಹೇಳಿದರೂ ಮಾವ ಜಗ್ಗಲಿಲ್ಲ. "ಅವನು ಬಕೆಟ್‌ಗಟ್ಟಲೆ ಕುಡಿದಿರ್ತಾನೆ. ನಾನು ಲೆಕ್ಕ ಇಟ್ಟು ಮಾಡ್ತೀನಿ." ಲೆಕ್ಕ ಅಂದರೆ ಗೋಡೆ ಗಡಿಯಾರ, ಅರ್ಧ ಗಂಟೆ.

ಅವರನ್ನು ಹಿಡಿದದ್ದು ಮೊಮ್ಮಗ. "ತಾತ, ನಿಮ್ಮ ಮಲ್ಟಿಮೀಟರ್ ತಗೊಂಡು ಬನ್ನಿ" ಅಂದ. ಒಂದು ಮಿಲಿಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಸುಮಾರು 4 ಮಿಲಿಗ್ರಾಂ ಬೆಳ್ಳಿ ತಂತಿಯಿಂದ ಬಿಡುತ್ತೆ, ಅದು ಅವನ ಪಠ್ಯದಲ್ಲಿರುವ ಫ್ಯಾರಡೆ ನಿಯಮ. ಮೀಟರು ಜೋಡಿಸಿದರು. ಶುರುವಿನಲ್ಲಿ ಮುಳ್ಳು ಮಿಸುಕಲೇ ಇಲ್ಲ. ಬೆಳ್ಳಿ ಬಿಡುತ್ತಾ ಹೋದಂತೆ ನೀರೇ ಕರೆಂಟು ಹರಿಯಬಿಡುತ್ತೆ, ಹರಿದಷ್ಟೂ ಇನ್ನಷ್ಟು ಬೆಳ್ಳಿ. ಮುಳ್ಳು ಏರುತ್ತಲೇ ಹೋಯಿತು. ಮರುದಿನ ಅಷ್ಟೇ ನೀರು, ಅಷ್ಟೇ ಹೊತ್ತು, ಆದರೆ ಲೆಕ್ಕ ಬೇರೆ: ತಂತಿಗಳ ನಡುವಿನ ಅಂತರ ಬೆರಳಗಲ ಕಡಿಮೆಯಾಗಿತ್ತು, ಬ್ಯಾಟರಿಯೂ ಹೊಸದು. ಮೂರನೇ ದಿನ ಮತ್ತೂ ಬೇರೆ. ಅಷ್ಟಾದರೂ ಮೀಟರು ತೋರಿಸುವುದು ತಂತಿ ಬಿಟ್ಟ ಬೆಳ್ಳಿಯನ್ನು ಮಾತ್ರ. ತಳದಲ್ಲಿ ಕೂತದ್ದೆಷ್ಟು, ಚಮಚಕ್ಕೆ ಬಂದದ್ದೆಷ್ಟು, ಅದು ಯಾವ ಮೀಟರಿಗೂ ಗೊತ್ತಿಲ್ಲ.

ಮಾವ ಬಹಳ ಹೊತ್ತು ಮೀಟರು ಹಿಡಿದು ಕೂತಿದ್ದರು. ಆಮೇಲೆ ಮೆಲ್ಲಗೆ, "ಅವಳಿಗೆ ಎರಡು ತಿಂಗಳು ಕೊಟ್ಟೆನಲ್ಲಮ್ಮ" ಅಂದರು. ಅವತ್ತು ಅವರು ರಾತ್ರಿ ಊಟ ಮಾಡಲಿಲ್ಲ.

ಯುಗಾದಿಗೆ ಮುಂಚೆ ಅತ್ತೆಯ ಟಿಎಸ್‌ಎಚ್ ನಾಲ್ಕಕ್ಕೆ ಇಳಿದಿತ್ತು. ಮಾತ್ರೆ ಅದೇ, ನೀರು ಮಾತ್ರ ನಿಂತಿತ್ತು. ಆದರೂ ಈಗಲೂ ಬೆಳಿಗ್ಗೆ ಕಿಟಕಿ ಬೆಳಕಿನಲ್ಲಿ ಅವರ ಉಗುರು, ಒಸಡು ಒಮ್ಮೆ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಬ್ಯಾಟರಿ ಕಿತ್ತು ಒಂದನ್ನು ಮಲ್ಟಿಮೀಟರಿಗೆ ಹಾಕಿಕೊಂಡರು. ತಂತಿಗಳನ್ನು ಅತ್ತೆ ಕೇಳಿ ವಾಪಸು ಇಸಿದುಕೊಂಡು ಅಕ್ಕಸಾಲಿಗರಿಗೆ ಕೊಟ್ಟಿದ್ದಾರೆ, ಕಾಲುಂಗುರಕ್ಕೆ. ಅವರು ಎರಡನ್ನೂ ಬೆಳಕಿಗೆ ಹಿಡಿದು ನೋಡಿ, "ಇದೊಂದರ ತುದಿ ಯಾಕೆ ಸವೆದಿದೆ?" ಎಂದು ಕೇಳಿದರಂತೆ. ಮಾವ ಅಂಗಡಿಯ ಹೊರಗೇ ನಿಂತಿದ್ದರಂತೆ.