ನಿಮಗಿದು ಗೊತ್ತೆ? ಗರ್ಭದಲ್ಲಿ ಕಂಡ ಬರ, ಅರವತ್ತರಲ್ಲೂ ಗುರುತು

1944–45ರ ಚಳಿಗಾಲ. ನಾಜಿಗಳು ಆಹಾರ ಸಾಗಣೆ ತಡೆದಾಗ ಪಶ್ಚಿಮ ನೆದರ್ಲೆಂಡ್ಸ್‌ನ ಜನ ಟ್ಯುಲಿಪ್ ಗಡ್ಡೆ ಬೇಯಿಸಿ ತಿಂದರು. ಆಗಷ್ಟೇ ಗರ್ಭದಲ್ಲಿ ಮೂಡಿದ್ದ ಶಿಶುಗಳು ಮುಂದೆ ಹೆಚ್ಚಾಗಿ ಸರಿಯಾದ ತೂಕದಲ್ಲೇ ಹುಟ್ಟಿದವು. ಹಸಿವು ಅವನ್ನು ಮುಟ್ಟಿಲ್ಲವೆಂದೇ ತೋರಬೇಕು! ಆದರೆ ಸುಮಾರು ಅರವತ್ತು ವರ್ಷಗಳ ಬಳಿಕ ಅವರ ರಕ್ತ ಪರೀಕ್ಷಿಸಿದಾಗ, ಬೆಳವಣಿಗೆಗೆ ಬೇಕಾದ ಐಜಿಎಫ್2 ಜೀನಿನ ಮೇಲಿನ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಗರ್ಭದಲ್ಲಿ ಬರ ಕಾಣದ ಒಡಹುಟ್ಟಿದವರಿಗಿಂತ ಕಡಿಮೆ ಇದ್ದವು. 2008ರಲ್ಲಿ ಇದು ಪ್ರಕಟವಾಯಿತು. ಇಂಥ ಗುರುತುಗಳು ಜೀನಿನ ಬರಹವನ್ನು ತಿದ್ದುವುದಿಲ್ಲ. ಅದು ಎಷ್ಟು ಕೆಲಸ ಮಾಡಬೇಕೆಂಬುದರ ಮೇಲೆ ಪ್ರಭಾವ ಬೀರುತ್ತವೆ. ಹಾಗಾಗಿ ಗರ್ಭಿಣಿಯ ಪೋಷಣೆಯನ್ನು ಮಗುವಿನ ತೂಕವೊಂದರಿಂದಲೇ ಅಳೆದರೆ ಸಾಲದು. ತೂಕವೂ ಮುಖ್ಯವೇ: ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1934–54ರ ನಡುವೆ ಹುಟ್ಟಿದವರ ಅಧ್ಯಯನದಲ್ಲಿ, ಹುಟ್ಟುವಾಗ ತೂಕ ಕಡಿಮೆಯಿದ್ದವರಿಗೆ ಹೃದ್ರೋಗ ಹೆಚ್ಚಾಗಿ ಕಂಡುಬಂತು.