ನಿಸರ್ಗಕ್ಕೆ ಬಿಟ್ಟ ಭೂಮಿಗೆ ತೆರಿಗೆ ರಿಯಾಯಿತಿ ಉಂಟೆ?

ಹಕ್ಕಿಗಳು ಗೂಡು ಕಟ್ಟುವ ತೋಪು, ಹಳ್ಳದ ಅಂಚಿನ ಕುರುಚಲು ಕಾಡು ರೈತರ ಸ್ವಂತ ಜಮೀನಿನಲ್ಲಿಯೂ ಇರುತ್ತವೆ. ಇಂಥ ಭೂಮಿಯನ್ನು ಸಂರಕ್ಷಣೆಗೆ ದಾನ ಕೊಟ್ಟರೆ ತೆರಿಗೆ ಉಳಿಯುವುದೇ?

ಅಮೆರಿಕದಲ್ಲಿ ಉಳಿಯುತ್ತದೆ. ಅಲ್ಲಿಯ ರೈತ ಜಮೀನನ್ನೇ ಕೊಡಬೇಕಾಗಿಲ್ಲ. ಕಟ್ಟಡ, ಬಡಾವಣೆ ಮಾಡುವ ಹಕ್ಕನ್ನು ಮಾನ್ಯತೆ ಪಡೆದ ಸಂಸ್ಥೆಗೆ ಶಾಶ್ವತವಾಗಿ ಬಿಟ್ಟುಕೊಟ್ಟು ಸಾಗುವಳಿ ಮುಂದುವರಿಸಬಹುದು. ಇದರಿಂದ ಜಮೀನಿನ ಬೆಲೆ ಇಳಿದಷ್ಟು ಮೊತ್ತವನ್ನು ತೆರಿಗೆಗೆ ಒಳಪಡುವ ಆದಾಯದಲ್ಲಿ ಕಳೆಯುತ್ತಾರೆ. ಉಳಿಕೆಯನ್ನು ಮುಂದಿನ 15 ವರ್ಷಗಳವರೆಗೆ ಕಳೆಯಲು ಅವಕಾಶವಿದೆ.

ನಮ್ಮಲ್ಲಿ ದಾನದ ಮೇಲಿನ ಆದಾಯ ತೆರಿಗೆ ರಿಯಾಯಿತಿ ಹಣದ ರೂಪದ ದಾನಕ್ಕೆ ಮಾತ್ರ; ಭೂಮಿಗೆ ಅನ್ವಯಿಸದು.

ಆದರೆ ಒಡೆತನ ಉಳಿಸಿಕೊಂಡೇ ಕಾಪಾಡುವ ದಾರಿಯುಂಟು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಂತೆ, ಒಡೆಯರು ತಾವಾಗಿ ಮುಂದೆ ಬಂದರೆ ಸರ್ಕಾರ ಖಾಸಗಿ ಭೂಮಿಯನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಬಹುದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಹೀಗೆ ಘೋಷಿತವಾಯಿತು. ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವ ಹುಣಿಸೆ ಮರಗಳು ರೈತರವೇ; ಫಸಲಿನ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ನೀಡುತ್ತ ಬಂದಿದೆ.

ಘೋಷಣೆಯಾದ ಮೇಲೆ ನಿರ್ವಹಣಾ ಸಮಿತಿಯ ಠರಾವು ಮತ್ತು ಸರ್ಕಾರದ ಒಪ್ಪಿಗೆ ಇಲ್ಲದೆ ಭೂಬಳಕೆಯನ್ನು ಬದಲಿಸುವಂತಿಲ್ಲ. ಆದುದರಿಂದ ಮುಂದಾಗುವ ಮೊದಲು ಜಮೀನಿನ ಪಾಲುದಾರರೆಲ್ಲರೂ ಕುಳಿತು ತೀರ್ಮಾನಿಸುವುದು ಒಳ್ಳೆಯದು.