ಒಬ್ಬಳೇ ಹೊರಟವಳು, ಜೊತೆಗೆ ನಿಂತವರು

ಪುಣೆಯ ಸ್ವಾರ್‌ಗೇಟ್‌ನಿಂದ ದಕ್ಷಿಣಕ್ಕೆ ಸಾಗಿ ಮಾರ್ಕೆಟ್ ಯಾರ್ಡ್ ದಾಟಿದರೆ ಬಿಬವೇವಾಡಿ. ಇಲ್ಲಿ ಎರಡು ಬಗೆಯ ಬಾಲ್ಯಗಳು ಅಕ್ಕಪಕ್ಕದಲ್ಲೇ ಬೆಳೆಯುತ್ತವೆ. ಒಂದು ಕಡೆ ಗೇಟು, ವಾಚ್‌ಮನ್, ಲಿಫ್ಟು ಇರುವ ಹೌಸಿಂಗ್ ಸೊಸೈಟಿಗಳು. ಅಲ್ಲಿನ ಎಂಟು ವರ್ಷದ ಮಗು ಶಾಲೆಯ ವ್ಯಾನಿನಿಂದ ಇಳಿದು ಮನೆಯ ಬಾಗಿಲು ಸೇರುವವರೆಗೂ ಯಾರಾದರೊಬ್ಬ ದೊಡ್ಡವರ ಕೈ ಬಿಡುವುದಿಲ್ಲ. ಇನ್ನೊಂದು ಕಡೆ ಅಪ್ಪರ್ ಇಂದಿರಾನಗರದ ಇಕ್ಕಟ್ಟಿನ ಗಲ್ಲಿಗಳು. ಅಲ್ಲಿ ಅದೇ ವಯಸ್ಸಿನ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ನೀರು ತುಂಬುತ್ತಾಳೆ, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುತ್ತಾಳೆ. ಅವ್ವ-ಅಪ್ಪ ಕೆಲಸದಿಂದ ಬರುವ ತನಕ ಮನೆಯ ಯಜಮಾನಿಕೆ ಅವಳದೇ.

ಈ ಎರಡೂ ಕಡೆ ಕನ್ನಡದ ಮನೆಗಳಿವೆ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಹಮಾಲಿಗೆ, ಗೌಂಡಿ ಕೆಲಸಕ್ಕೆ ಪುಣೆಗೆ ಬಂದು ನೆಲೆಸಿದವರಿದ್ದಾರೆ. ಬ್ಯಾಂಕು, ಕಾರ್ಖಾನೆ, ಐಟಿ ಕಂಪನಿಗಳ ನೌಕರಿ ಹಿಡಿದು ಬಂದವರಿದ್ದಾರೆ. ಸೊಸೈಟಿಯ ಮಗುವಿಗೆ ತನ್ನಷ್ಟಕ್ಕೆ ತಾನು ಏನಾದರೂ ಮಾಡುವ ಅವಕಾಶವೇ ಸಿಕ್ಕಿಲ್ಲ. ಗಲ್ಲಿಯ ಮಗುವಿಗೆ ಆ ಜವಾಬ್ದಾರಿ ಹೊತ್ತಿಗೆ ಮುಂಚೆಯೇ ಹೆಗಲೇರಿದೆ. ಗೆಳೆಯರ ಜೊತೆ ಮನಸೋಇಚ್ಛೆ ಆಡುವ ಹೊತ್ತು ಇಬ್ಬರಿಗೂ ಕಡಿಮೆ. ಗೆಳೆತನ, ಸ್ವಾವಲಂಬನೆ ಎಂಬ ಎರಡು ವಿಷಯಗಳ ಮೇಲೆ ಮಕ್ಕಳ ಚಿತ್ರಪುಸ್ತಕಗಳು ಏನು ಹೇಳುತ್ತವೆ ಎಂಬ ಪ್ರಶ್ನೆಗೆ ಬಿಬವೇವಾಡಿಯಂಥ ಕಡೆ ತೂಕ ಬರುವುದು ಇದಕ್ಕೇ. ಒಳ್ಳೆಯ ಚಿತ್ರಪುಸ್ತಕ ಈ ಎರಡನ್ನೂ ಬೇರೆ ಬೇರೆಯಾಗಿ ನೋಡುವುದಿಲ್ಲ. ಮಗು ಒಬ್ಬಂಟಿಯಾಗಿ ಹೆಜ್ಜೆ ಇಡುವುದಕ್ಕೆ ಯಾರಾದರೂ ಅದನ್ನು ನಂಬಿ ಜೊತೆಗೆ ನಿಂತಿರಬೇಕು ಎಂಬುದನ್ನು ಅದು ಉಪದೇಶವಿಲ್ಲದೆ ಚಿತ್ರದಲ್ಲಿ ತೋರಿಸುತ್ತದೆ.

ಹಾಲು ತರಲು ಹೋದ ಮೀ-ಚಾನ್

ಈ ಮಾತಿಗೆ ನನಗೆ ತಿಳಿದ ಅತ್ಯುತ್ತಮ ಉದಾಹರಣೆ ಜಪಾನಿನದು. 1976ರಲ್ಲಿ ಮಕ್ಕಳ ಮಾಸಪತ್ರಿಕೆಯೊಂದರ ಸಂಚಿಕೆಯಾಗಿ ಬಂದು ಮರುವರ್ಷ ಪುಸ್ತಕವಾದ ‘ಹಾಜಿಮೆತೆ ನೊ ಓತ್ಸುಕಾಯಿ’. ಬರೆದವರು ಯೊರಿಕೊ ತ್ಸುತ್ಸುಯಿ, ಚಿತ್ರ ಬಿಡಿಸಿದವರು ಅಕಿಕೊ ಹಯಾಶಿ. ಮನೆಯಲ್ಲಿ ಕೂಸು ಅಳುತ್ತಿದೆ, ಅಮ್ಮನಿಗೆ ಬಿಡುವಿಲ್ಲ, ಹಾಲು ಬೇಕು. ಐದು ವರ್ಷದ ಮೀ-ಚಾನ್‌ಗೆ ಅಮ್ಮ ನೂರು ಯೆನ್ನಿನ ಎರಡು ನಾಣ್ಯ ಕೊಟ್ಟು, ಗಾಡಿ ನೋಡಿಕೊಂಡು ಹೋಗು, ಚಿಲ್ಲರೆ ಮರೆಯಬೇಡ ಎಂದು ಎರಡೇ ಮಾತು ಹೇಳಿ ಕಳಿಸುತ್ತಾಳೆ. ದಾರಿಯಲ್ಲಿ ಸೈಕಲ್ಲೊಂದು ಸರ್ರನೆ ಹಾದುಹೋದಾಗ ಹುಡುಗಿ ಗೋಡೆಗೆ ಅಂಟಿಕೊಂಡು ನಿಲ್ಲುತ್ತಾಳೆ. ಗೆಳೆಯ ತೊಮೊ-ಚಾನ್ ಎದುರಾಗಿ, ಒಬ್ಬಳೇ ಬಂದಿದ್ದಾಳೆಂದು ಬೆರಗಾಗುತ್ತಾನೆ. ಏರು ಹತ್ತುವಾಗ ಬಿದ್ದು ಮೊಣಕಾಲು ತರಚುತ್ತದೆ, ನಾಣ್ಯಗಳು ಉರುಳಿಹೋಗುತ್ತವೆ. ಹುಡುಕಿ ಹೆಕ್ಕಿಕೊಂಡು ಅಂಗಡಿ ತಲುಪಿದರೆ ನಿಜವಾದ ಕಷ್ಟ ಅಲ್ಲಿದೆ: ಕೂಗಿದರೂ ಅವಳ ದನಿ ಅಂಗಡಿಯಾಕೆಗೆ ಕೇಳುವುದಿಲ್ಲ. ಆಮೇಲೆ ಬಂದ ದೊಡ್ಡವರು ತಮಗೆ ಬೇಕಾದದ್ದು ಕೊಂಡು, ಹರಟಿ, ಹೋಗುತ್ತಾರೆ. ಮೀ-ಚಾನ್ ಅವರ ಸೊಂಟದ ಮಟ್ಟಕ್ಕೂ ಬರುವುದಿಲ್ಲ. ಕೊನೆಗೆ ಇದ್ದಬದ್ದ ಧೈರ್ಯವನ್ನೆಲ್ಲ ಸೇರಿಸಿ ಕೂಗುತ್ತಾಳೆ. ಅಂಗಡಿಯಾಕೆ ತಿರುಗಿ ನೋಡಿ ತಪ್ಪಾಯಿತು ಎಂದಾಗಲೇ, ಅಷ್ಟು ಹೊತ್ತು ತಡೆದಿದ್ದ ಕಣ್ಣೀರು ತುಳುಕುತ್ತದೆ.

ಬಿಬವೇವಾಡಿಯ ಕನ್ನಡದ ಹುಡುಗಿಗೆ ಈ ಪುಟ ಎಷ್ಟು ಹತ್ತಿರದ್ದು ನೋಡಿ. “ನಾ ಒಬ್ಬಾಕೀನ ಹೋಗಿ ಬರ್ತೀನಿ ಯವ್ವಾ” ಎಂದು ಮನೆಯಿಂದ ಹೊರಟವಳು ಅಂಗಡಿಯ ಕಟ್ಟೆಯ ಮುಂದೆ “ಕಾಕಾ, ದುಧಾಚಿ ಪಿಶವಿ ದ್ಯಾ” ಎಂದು ಹಾಲಿನ ಪಾಕೀಟು ಕೇಳಬೇಕು. ಕನ್ನಡದಲ್ಲಿ ಯೋಚಿಸಿದ್ದನ್ನು ಮರಾಠಿಯಲ್ಲಿ ಕೂಗಬೇಕು, ಅದೂ ಗದ್ದಲದ ನಡುವೆ, ದೊಡ್ಡವರ ಕೈಗಳು ತಲೆಯ ಮೇಲಿಂದ ಚಾಚುತ್ತಿರುವಾಗ. ಊರು ಬಿಟ್ಟು ಬಂದ ಮನೆಯ ಮಗುವಿಗೆ ತನ್ನ ದನಿ ಕೇಳಿಸುವಂತೆ ಮಾಡಿಕೊಳ್ಳುವುದೇ ಸ್ವಾವಲಂಬನೆಯ ಮೊದಲ ಪಾಠ. ಮೀ-ಚಾನ್ ಜಪಾನಿನವಳು ಎಂಬುದು ಆ ಹೊತ್ತಿನಲ್ಲಿ ಅಡ್ಡ ಬರುವುದಿಲ್ಲ.

ಹಯಾಶಿಯವರ ಚಿತ್ರಗಳಲ್ಲಿ ಇನ್ನೊಂದು ವಿಷಯವಿದೆ. ಹಿಂತಿರುಗುವಾಗ ಇಳಿಜಾರಿನ ಕೆಳಗೆ ಅಮ್ಮ ಕೂಸನ್ನು ಎತ್ತಿಕೊಂಡು ಕಾಯುತ್ತಿರುತ್ತಾಳೆ. ಮಗಳನ್ನು ಒಬ್ಬಳೇ ಕಳಿಸಿದ ತಾಯಿಗೆ ಮನೆಯೊಳಗೆ ಕೂರಲಾಗಿಲ್ಲ, ಆದರೂ ಅವಳು ದಾರಿಯುದ್ದಕ್ಕೂ ಹಿಂಬಾಲಿಸಿಲ್ಲ. ಮಗು ಎಷ್ಟು ದೂರ ಹೋಗಬಹುದು, ತಾನು ಎಲ್ಲಿ ನಿಲ್ಲಬೇಕು ಎಂಬ ಅಳತೆ ಅವಳಿಗೆ ಗೊತ್ತು. ಈ ಪುಟ ಓದಿಸುವ ಅಪ್ಪ-ಅಮ್ಮಂದಿರಿಗಾಗಿಯೇ ಇದೆ.

ದಾರಿ ಸಮ ಮಾಡುವ ಗೆಳೆಯರು

ನಮ್ಮ ದೇಶದ ಚಿತ್ರಪುಸ್ತಕಗಳೂ ಕಳೆದ ಮೂರು ದಶಕಗಳಲ್ಲಿ ಈ ವಿಷಯದಲ್ಲಿ ಬಹಳ ಮುಂದೆ ಬಂದಿವೆ. ಪುಣೆಗೆ ಹತ್ತಿರದ ಸಂಬಂಧವುಳ್ಳದ್ದು ‘ಚುಸ್ಕಿತ್ ಗೋಸ್ ಟು ಸ್ಕೂಲ್’. ಬರೆದವರು ಸುಜಾತಾ ಪದ್ಮನಾಭನ್, ಪುಣೆಯಲ್ಲಿ ನೆಲೆಯಿರುವ ‘ಕಲ್ಪವೃಕ್ಷ’ ಪರಿಸರ ಬಳಗದವರು. ಚುಸ್ಕಿತ್ ಲಡಾಖಿನ ಹುಡುಗಿ, ನಡೆಯಲಾರಳು. ಗಾಲಿಕುರ್ಚಿ ಬಂದರೂ ಶಾಲೆಯ ದಾರಿ ಕಲ್ಲುಮುಳ್ಳಿನದು. ಅಬ್ದುಲ್ ಎಂಬ ಹುಡುಗ ಅವಳನ್ನು ಕಂಡು ಅಯ್ಯೋ ಎನ್ನುವಷ್ಟಕ್ಕೆ ನಿಲ್ಲುವುದಿಲ್ಲ. ಶಾಲೆಯಲ್ಲಿ ಮಾತೆತ್ತುತ್ತಾನೆ, ಮಕ್ಕಳು, ಊರವರು ಸೇರಿ ದಾರಿಯನ್ನು ಸಮ ಮಾಡುತ್ತಾರೆ. ಚುಸ್ಕಿತ್‌ಗೆ ಸಿಗುವುದು ತಾನೇ ಶಾಲೆಗೆ ಹೋಗುವ ದಾರಿ. ಗೆಳೆತನದ ಕೆಲಸ ಏನು ಎಂಬುದಕ್ಕೆ ಇದಕ್ಕಿಂತ ಸರಳವಾದ ಉತ್ತರ ಬೇಕಿಲ್ಲ.

ಚೆನ್ನೈನ ತೂಲಿಕಾ ಪ್ರಕಾಶನ 1996ರಲ್ಲಿ ಶುರುವಾದದ್ದು. ಅದರ ‘ಕ್ಯಾಚ್ ದಟ್ ಕ್ಯಾಟ್’ ಪುಸ್ತಕದ ಡಿಪ್ ಡಿಪ್ ಎಂಬ ಹುಡುಗಿ ಗೆಳತಿಯ ಕಳೆದುಹೋದ ಬೆಕ್ಕು ‘ಕಾಪಿ’ಯನ್ನು ಹುಡುಕುತ್ತಾ ಊರೆಲ್ಲ ಸುತ್ತುತ್ತಾಳೆ, ಗಾಲಿಕುರ್ಚಿಯಲ್ಲಿ. ‘ಎ ವಾಕ್ ವಿತ್ ತಂಬಿ’ಯಲ್ಲಿ ಹುಡುಗನೊಬ್ಬ ತನ್ನ ನಾಯಿ ತಂಬಿಯ ಜೊತೆ ಪೇಟೆಯ ಬೀದಿಗಳಲ್ಲಿ ನಡೆಯುತ್ತಾನೆ. ಲಾವಣ್ಯಾ ಕಾರ್ತಿಕ್ ಅವರ ಬರಹ ಹುಡುಗನಿಗೆ ಕಣ್ಣು ಕಾಣದು ಎಂದು ಎಲ್ಲೂ ಹೇಳುವುದಿಲ್ಲ. ಪ್ರೋಯಿತಿ ರಾಯ್ ಅವರ ಚಿತ್ರದಲ್ಲಿ ಅವನ ಕೈಯ ಬಿಳಿ ಕೋಲು ಮಾತ್ರ ಇದೆ. ಓದಲು ಬಾರದ ಮಗುವೇ ಇದನ್ನು ಮೊದಲು ಕಂಡುಹಿಡಿಯುತ್ತದೆ, ಏಕೆಂದರೆ ನಾವು ಅಕ್ಷರ ನೋಡುತ್ತಿರುವಾಗ ಅದು ಚಿತ್ರ ನೋಡುತ್ತಿರುತ್ತದೆ. ಓದಿನಲ್ಲಿ ಮಗು ದೊಡ್ಡವರಿಗಿಂತ ಒಂದು ಹೆಜ್ಜೆ ಮುಂದಿರುವ ಜಾಗ ಚಿತ್ರಪುಸ್ತಕವೊಂದೇ.

ಹಮಾಲರ, ಗೌಂಡಿಗಳ, ಕಸ ಆಯುವವರ ಮಕ್ಕಳಿಗೆ ತಪ್ಪದೆ ಓದಿ ಹೇಳಬೇಕಾದದ್ದು ‘ಕಾಳಿ ಅಂಡ್ ದ ರ್‍ಯಾಟ್ ಸ್ನೇಕ್’. ಬರೆದವರು ಝಾಯ್ ವಿಟೇಕರ್. ಕಾಳಿ ಹಾವು ಹಿಡಿಯುವ ಇರುಳ ಸಮುದಾಯದ ಹುಡುಗ. ಅಪ್ಪನ ಕಸುಬು, ಡಬ್ಬಿಯಲ್ಲಿನ ತಿಂಡಿ ಎರಡರ ಬಗ್ಗೆಯೂ ತರಗತಿಯಲ್ಲಿ ಮುಜುಗರ, ಗೆಳೆಯರೇ ಇಲ್ಲ. ಒಂದು ದಿನ ತರಗತಿಯೊಳಗೆ ಕೇರೆ ಹಾವು ಬಂದು ಎಲ್ಲರೂ ಹೆದರಿ ಚೀರುತ್ತಾರೆ. ಕಾಳಿ ಮನೆಯಲ್ಲಿ ಕಲಿತದ್ದನ್ನೇ ಬಳಸಿ ಅದನ್ನು ಹಿಡಿಯುತ್ತಾನೆ. ಮನೆಯ ವಿದ್ಯೆ ಶಾಲೆಯಲ್ಲಿ ತಲೆ ಎತ್ತಿ ನಿಂತ ಗಳಿಗೆ ಅದು. ಮಾರ್ಕೆಟ್ ಯಾರ್ಡಿನಲ್ಲಿ ದುಡಿಯುವ ಅಪ್ಪನ ಮಗನಿಗೆ ತೂಕ, ಬೆಲೆ, ಚಿಲ್ಲರೆಯ ಲೆಕ್ಕ ನಾಲಗೆಯ ತುದಿಯಲ್ಲಿರುತ್ತದೆ. ಅದನ್ನು ಜಾಣತನ ಎಂದು ಒಪ್ಪುವ ಪುಸ್ತಕ ಅವನ ಕೈಗೆ ಸಿಗಬೇಡವೇ?

ಒಂದೇ ಚಿತ್ರ, ಎರಡು ಭಾಷೆ

ಪುಣೆಯ ಕನ್ನಡ ಮನೆಗಳಲ್ಲಿ ಒಂದು ಆತಂಕ ಸದಾ ಇರುತ್ತದೆ. ಮಗು ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತದೆ. ಕೊನೆಗೆ ಯಾವುದೂ ನೆಟ್ಟಗೆ ಬಾರದೆ ಹೋದರೆ? ಲಿಯೊ ಲಿಯೊನಿ 1959ರಲ್ಲಿ ಮಾಡಿದ ‘ಲಿಟಲ್ ಬ್ಲೂ ಅಂಡ್ ಲಿಟಲ್ ಯೆಲ್ಲೋ’ ಈ ಆತಂಕಕ್ಕೆ ಸಮಾಧಾನ ಹೇಳುತ್ತದೆ. ರೈಲಿನಲ್ಲಿ ಗಲಾಟೆ ಮಾಡುತ್ತಿದ್ದ ಮೊಮ್ಮಕ್ಕಳನ್ನು ಸುಮ್ಮನಿರಿಸಲು ಪತ್ರಿಕೆಯ ಹಾಳೆಯಿಂದ ಬಣ್ಣದ ಚೂರು ಹರಿದು ಹೇಳಿದ ಕತೆ ಅದು. ನೀಲಿ ಚುಕ್ಕೆ, ಹಳದಿ ಚುಕ್ಕೆ ಗೆಳೆಯರು. ತಬ್ಬಿಕೊಂಡು ಹಸಿರಾಗುತ್ತಾರೆ. ಹಸಿರಾಗಿ ಮನೆಗೆ ಬಂದವರನ್ನು ಅಪ್ಪ-ಅಮ್ಮ ಗುರುತಿಸುವುದೇ ಇಲ್ಲ. ಅತ್ತು ಅತ್ತು ನೀಲಿ, ಹಳದಿ ಕಣ್ಣೀರಾಗಿ ಮತ್ತೆ ತಮ್ಮ ತಮ್ಮ ಬಣ್ಣಕ್ಕೆ ಮರಳಿದಾಗಲೇ ದೊಡ್ಡವರಿಗೆ ವಿಷಯ ತಿಳಿಯುತ್ತದೆ. ಪಕ್ಕದ ಮನೆಯ ಮರಾಠಿ ಗೆಳತಿಯ ಜೊತೆ ಬೆಳೆದ ಕನ್ನಡದ ಹುಡುಗಿ ಹಸಿರಾಗುತ್ತಾಳೆ, ನಿಜ. ಅವಳೊಳಗಿನ ನೀಲಿ ಎಲ್ಲಿಗೂ ಹೋಗಿರುವುದಿಲ್ಲ. ಅದಕ್ಕೆ ಮನೆಯಲ್ಲಿ ಕನ್ನಡದ ಪುಸ್ತಕ ಇರಬೇಕು, ಅಷ್ಟೆ.

ಇಲ್ಲಿ ನಮ್ಮ ದೇಶದ ಪ್ರಕಾಶನದ ಒಂದು ಜಾಣ ಪದ್ಧತಿ ನೆರವಿಗೆ ಬರುತ್ತದೆ. ಬಣ್ಣದ ಚಿತ್ರಪುಸ್ತಕದ ಮುದ್ರಣ ದುಬಾರಿ, ಒಂದೇ ಭಾಷೆಯ ಸಣ್ಣ ಮಾರುಕಟ್ಟೆಗೆ ಅದು ಗಿಟ್ಟುವುದಿಲ್ಲ. ಅದಕ್ಕೆ ಚಿತ್ರಗಳನ್ನು ಎಲ್ಲ ಭಾಷೆಗೂ ಒಟ್ಟಿಗೆ ಅಚ್ಚು ಹಾಕಿ, ಅಕ್ಷರವಿರುವ ಕಪ್ಪು ಪ್ಲೇಟನ್ನು ಮಾತ್ರ ಭಾಷೆಗೆ ತಕ್ಕಂತೆ ಬದಲಿಸಿಕೊಳ್ಳಬಹುದು. ತೂಲಿಕಾ ಹೀಗೆ ಕನ್ನಡ, ಮರಾಠಿಯೂ ಸೇರಿ ಹಲವು ಭಾಷೆಗಳಲ್ಲಿ ಪುಸ್ತಕ ತರುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಹುಟ್ಟಿದ್ದೇ ಕೈಗೆಟಕುವ ಬೆಲೆಯಲ್ಲಿ ಹಲವು ಭಾಷೆಗಳ ಮಕ್ಕಳಿಗೆ ಪುಸ್ತಕ ಮುಟ್ಟಿಸಲು. 2015ರಲ್ಲಿ ಅದು ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಸಾವಿರಾರು ಚಿತ್ರಕತೆಗಳು ಉಚಿತವಾಗಿವೆ. ಮುಕ್ತ ಪರವಾನಗಿ ಇರುವುದರಿಂದ ಯಾರು ಬೇಕಾದರೂ ಓದಬಹುದು, ಇಳಿಸಿಕೊಂಡು ಅಚ್ಚು ಹಾಕಬಹುದು, ತಮ್ಮ ಭಾಷೆಗೆ ತರಬಹುದು.

ಹಾಗಾಗಿ ಬಿಬವೇವಾಡಿಯ ಒಂದೇ ಮಹಡಿಯ ಎರಡು ಮನೆಗಳಲ್ಲಿ ಒಂದೇ ಕತೆ ಎರಡು ಭಾಷೆಯಲ್ಲಿ ಇರಲು ಸಾಧ್ಯ. ಚಿತ್ರ ಒಂದೇ ಆಗಿರುವುದರಿಂದ ಮಕ್ಕಳಿಬ್ಬರೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಅವಳು ಇವಳಿಗೆ ಮರಾಠಿ ಓದಿ ಹೇಳುತ್ತಾಳೆ, ಇವಳು ಅವಳಿಗೆ ಕನ್ನಡ. ಅರ್ಥವಾಗದ ಕಡೆ ಚಿತ್ರದ ಮೇಲೆ ಬೆರಳಿಟ್ಟರೆ ಸಾಕು.

ಮರಾಠಿಯ ಒಳ್ಳೆಯ ಚಿತ್ರಪುಸ್ತಕಗಳ ತವರೂ ಪುಣೆಯೇ. ಇಲ್ಲಿನ ಲೇಖಕಿ-ಚಿತ್ರಕಾರ್ತಿ ಮಾಧುರಿ ಪುರಂದರೆ ತಾವೇ ಬರೆದು ತಾವೇ ಚಿತ್ರ ಬಿಡಿಸುತ್ತಾರೆ. ‘ಬಾಬಾಂಚ್ಯಾ ಮಿಶ್ಯಾ’, ‘ರಾಧಾಚಂ ಘರ್’ ಇಂಥ ಪುಸ್ತಕಗಳಲ್ಲಿ ರಾಕ್ಷಸನಿಲ್ಲ, ರಾಜಕುಮಾರನಿಲ್ಲ. ಅಪ್ಪ, ಅಜ್ಜಿ ಇದ್ದಾರೆ, ಅಡುಗೆಮನೆ ಇದೆ, ತನ್ನ ಕಣ್ಣಿನಿಂದ ಎಲ್ಲವನ್ನೂ ನೋಡುವ ಮಗುವಿದೆ. 2016ರ ಮೊದಲ ಬಿಗ್ ಲಿಟಲ್ ಬುಕ್ ಪ್ರಶಸ್ತಿ ಅವರಿಗೆ ಬಂತು. ಮರಾಠಿ ಬಲ್ಲ ಕನ್ನಡ ತಾಯಂದಿರು ಇವನ್ನು ಮನೆಗೆ ತಂದು, ಓದುತ್ತಲೇ ಕನ್ನಡದಲ್ಲಿ ಹೇಳಬಹುದು.

ಕನ್ನಡದಲ್ಲಿ ಇನ್ನೂ ಬರಬೇಕಾದದ್ದು

ಕನ್ನಡಕ್ಕೆ ಮಕ್ಕಳ ಸಾಹಿತ್ಯದ ಬಡತನವಿಲ್ಲ. ಪಂಜೆಯವರು, ರಾಜರತ್ನಂ ಕೊಟ್ಟ ಪದ್ಯಗಳು ಇಂದಿಗೂ ಬಾಯಲ್ಲಿವೆ. ಶಿವರಾಮ ಕಾರಂತರು 1936ರಲ್ಲೇ ‘ಬಾಲಪ್ರಪಂಚ’ದಂಥ ದೊಡ್ಡ ಸಂಪುಟಗಳನ್ನು ಮಕ್ಕಳ ಕೈಗಿತ್ತರು. ನಮ್ಮಲ್ಲಿ ಕಡಿಮೆ ಇರುವುದು ಚಿತ್ರವೂ ಮಾತೂ ಸಮಸಮವಾಗಿ ಕತೆ ಹೇಳುವ, ಕನ್ನಡದಲ್ಲೇ ಹುಟ್ಟಿದ ಚಿತ್ರಪುಸ್ತಕ. ಅದರಲ್ಲೂ ಗಡಿಯಾಚೆಯ ಕನ್ನಡ ಮಗು ನಾಯಕಿಯಾಗಿರುವ ಪುಸ್ತಕ. ಪುಣೆಯಲ್ಲಿ 1967ರಲ್ಲಿ ಸ್ಥಾಪನೆಯಾದ ‘ಬಾಲಭಾರತಿ’ ಮಹಾರಾಷ್ಟ್ರ ಸರ್ಕಾರದ ಪಠ್ಯಪುಸ್ತಕಗಳನ್ನು ಮರಾಠಿ, ಉರ್ದು, ಗುಜರಾತಿಗಳ ಜೊತೆ ಕನ್ನಡದಲ್ಲೂ ಸಿದ್ಧಪಡಿಸುತ್ತದೆ. ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಗಳ ಮಕ್ಕಳು ಓದುವ ಪಾಠಗಳು ರೂಪುಗೊಳ್ಳುವುದು ಇದೇ ಊರಿನಲ್ಲಿ. ಕನ್ನಡ ಪಠ್ಯ ತಯಾರಾಗುವ ಊರಿನಿಂದ ಕನ್ನಡದ ಒಂದು ಚಿತ್ರಕತೆ ಹೊರಡುವುದು ಅಸಾಧ್ಯವೇನಲ್ಲ. ದಶಕಗಳಿಂದ ಶಾಲೆಗಳನ್ನು ನಡೆಸಿಕೊಂಡು ಬಂದಿರುವ ಪುಣೆಯ ಕನ್ನಡ ಸಂಘದಂಥ ಸಂಸ್ಥೆಗಳು ಮನಸ್ಸು ಮಾಡಿದರೆ ಬರೆಯುವವರನ್ನೂ ಬಿಡಿಸುವವರನ್ನೂ ಒಂದೆಡೆ ಕೂರಿಸಬಲ್ಲವು.

ಪುಸ್ತಕ ಸಿಗುವ ದಾರಿಗಳೂ ಇವೆ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದೆ. ರಜೆಗೆ ಇಂಡಿಯ ಕಡೆಗೋ ಸಿಂದಗಿಯ ಕಡೆಗೋ ಅಜ್ಜಿಯ ಹಳ್ಳಿಗೆ ಹೋದಾಗ ಮಗುವನ್ನು ಅಲ್ಲಿನ ಗ್ರಂಥಾಲಯಕ್ಕೆ ಕರೆದೊಯ್ಯಿರಿ. ಪುಸ್ತಕ ಆರಿಸುವ ಕೆಲಸ ಅದಕ್ಕೇ ಬಿಡಿ. ಓದುವಾಗ ಪುಟ ತಿರುವುವ ಕೈ ಮಗುವಿನದಾಗಿರಲಿ, ಚಿತ್ರ ನೋಡಿ ಮುಗಿಯುವ ತನಕ ನೀವು ಕಾಯಿರಿ. ಮುಗಿದ ಮೇಲೆ ನೀತಿ ಏನು ಎಂದು ಕೇಳಬೇಡಿ. ಅಂಗಡಿಯ ಮುಂದೆ ಮೀ-ಚಾನ್‌ಗೆ ಏನನ್ನಿಸಿತು ಎಂದು ಕೇಳಿದರೆ ಮಗು ತನ್ನ ಅಂಗಡಿಯ ಕತೆಯನ್ನೇ ಹೇಳತೊಡಗುತ್ತದೆ. ಆ ಕತೆಯನ್ನು ಕಿವಿಗೊಟ್ಟು ಕೇಳಿಸಿಕೊಳ್ಳಿ.

ಸೊಸೈಟಿಯ ಮಗುವಿಗೂ ಗಲ್ಲಿಯ ಮಗುವಿಗೂ ಒಂದೇ ಪುಸ್ತಕ ಬೇರೆ ಬೇರೆ ಕೆಲಸ ಮಾಡುತ್ತದೆ. ಮೊದಲನೆಯದಕ್ಕೆ ನೀನೂ ಹೋಗಬಲ್ಲೆ ಎಂಬ ಧೈರ್ಯ ಕೊಡುತ್ತದೆ. ಎರಡನೆಯದಕ್ಕೆ ನೀನು ದಿನವೂ ಮಾಡುತ್ತಿರುವುದು ಸಣ್ಣದಲ್ಲ ಎಂಬ ಮನ್ನಣೆ ಕೊಡುತ್ತದೆ. ಈ ದೀಪಾವಳಿಗೆ ಮಗುವಿಗೆ ಉಡುಗೊರೆ ಕೊಳ್ಳುವಾಗ ಒಂದು ಚಿತ್ರಪುಸ್ತಕವನ್ನು ಎರಡು ಭಾಷೆಗಳಲ್ಲಿ ತನ್ನಿ. ಕನ್ನಡದ್ದು ಮನೆಯಲ್ಲಿರಲಿ. ಮರಾಠಿಯದ್ದನ್ನು ಪಕ್ಕದ ಮನೆಗೆ ಕೊಟ್ಟು ಬರಲು ಮಗುವನ್ನೇ ಕಳಿಸಿ, ಒಬ್ಬಳನ್ನೇ.